ಹುಣಸೆಹುಳಿ ಹಚ್ಚಿದ ಗುಂಡುಗಳು

ಖರೀದಿಯ ವಿಷಯದಲ್ಲಿ ನನ್ನನ್ನು ಮೀರಿಸುವ ಗಂಡಸು ಮುಂಬಯಿ ಪಕ್ಕದ ಈ ಠಾಣೆ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲವೆಂದು ನಾನು ಇಪ್ಪತ್ತೈದು ವರ್ಷ ಗಟ್ಟಿಯಾಗಿ ನಂಬಿದ್ದೆ. ವಾಗ್ಳೆ ಎಸ್ಟೇಟಿನಲ್ಲಿ ನನ್ನದೊಂದು ಪುಟ್ಟ ಸಸ್ಯಾಹಾರಿ ಹೋಟೆಲು. ಹೆಸರು ಹಯಗ್ರೀವ, ಹೋಟೆಲಿನದ್ದಲ್ಲ, ನನ್ನದು. ವಾಶಿಯ ಸಗಟು ಮಾರುಕಟ್ಟೆಗೆ ನಾನು ಕಾಲಿಟ್ಟರೆ ಬೇಳೆ ವ್ಯಾಪಾರಿಗಳು ಮೊದಲು ಬೆವರು ಒರೆಸಿಕೊಂಡು ಆಮೇಲೆ ಚಹಾ ತರಿಸುತ್ತಾರೆ. ಒಂದು ಮುಷ್ಟಿ ತೊಗರಿಬೇಳೆಯನ್ನು ಅಂಗೈಯಲ್ಲಿ ಉಜ್ಜಿದರೆ ಸಾಕು, ಅದು ಯಾವ ವರ್ಷದ ಬೆಳೆ, ಹಳೆಯದನ್ನು ಹೊಸದೆಂದು ತೋರಿಸಲು ಎಷ್ಟು ಎಣ್ಣೆ ಸವರಿದ್ದಾರೆ ಎಂದು ಹೇಳಬಲ್ಲೆ. ಇಂಥ ನಾನು 2011ರ ಚಳಿಗಾಲದಲ್ಲಿ ಒಂದು ಮಹಾಸಂಕಲ್ಪ ಮಾಡಿದೆ. ಹೆಂಡತಿಯ ಗುಂಡಿನ ಖರ್ಚನ್ನು ಅರ್ಧಕ್ಕೆ ಇಳಿಸುತ್ತೇನೆ!

ಗುಂಡು ಎಂದರೆ ಬಂದೂಕಿನದೇ. ನನ್ನ ಹೆಂಡತಿ ಊರ್ಮಿಳಾ ಠಾಣೆಯ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಭಾನುವಾರ ರೈಫಲ್ ಹಿಡಿಯುತ್ತಾಳೆ. ಉಡುಪಿಯಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ ಅವಳ ಗುರಿಯೇ ಗುರಿ. ದೆಹಲಿಯ ಕ್ಯಾಂಪಿಗೆ ಆಯ್ಕೆಯೂ ಆಗಿತ್ತು. ಆದರೆ ಅದೇ ವಾರ ನಮ್ಮ ಮದುವೆಯ ಮುಹೂರ್ತ ಬಂತು. ಕ್ಯಾಂಪು ಹೋಯಿತು, ನಾನು ಬಂದೆ. ಅವಳು ಈ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಎತ್ತದೇ ಇದ್ದುದರಿಂದ ಇಪ್ಪತ್ತಮೂರು ವರ್ಷ ಅದು ನನ್ನೊಳಗೇ ಉಳಿಯಿತು.

ಹಾಗಾಗಿ ನಮ್ಮ ಹೋಟೆಲಿಗೆ ದಿನಾ ಇಡ್ಲಿ ತಿನ್ನಲು ಬರುವ ಗುರುವಪ್ಪ, ತಾನು ಸೈನ್ಯದಿಂದ ನಿವೃತ್ತನಾಗಿ ಶಹಾಡಿನ ಹತ್ತಿರ ರೈಫಲ್ ಕ್ಲಬ್ಬೊಂದರಲ್ಲಿ ಕೋಚ್ ಆಗಿದ್ದೇನೆ ಎಂದಾಗ, ಆ ದಿನದ ಇಡ್ಲಿಯ ದುಡ್ಡು ಬೇಡವೆಂದು ಹೇಳಿ ಮರುವಾರವೇ ಊರ್ಮಿಳೆಯನ್ನು ಅಲ್ಲಿಗೆ ಕರೆದೊಯ್ದಿದ್ದೆ. ಎರಡು ವರ್ಷದಲ್ಲಿ ಅವಳ ಕೈಗೆ ಲೈಸೆನ್ಸ್ ಬಂತು, ರೈಫಲ್ ಬಂತು. ಈಗ ನವಿ ಮುಂಬಯಿಯಲ್ಲಿ ಅರ್ಹತಾ ಪಂದ್ಯ. ಆರುನೂರಕ್ಕೆ ಐನೂರ ಎಪ್ಪತ್ತು ಅಂಕ ಬಂದರೆ ರಾಷ್ಟ್ರೀಯ ಸ್ಪರ್ಧೆಗೆ, ಅದೂ ದೆಹಲಿಗೆ! ಇಷ್ಟು ವರ್ಷ ತಡವಾಗಿ ಆ ರೈಲು ಮತ್ತೆ ಬಂದು ನಿಂತಿತ್ತು.

ಗುಂಡಿನ ದರ ಕೇಳಿದ ದಿನ ನನ್ನೊಳಗಿನ ಖರೀದಿದಾರ ಎದ್ದು ಕುಳಿತ. ಕ್ಲಬ್ಬಿನ ಕೌಂಟರಿನಲ್ಲಿ ಎರಡು ಜಾತಿಯ ಗುಂಡು ಇದ್ದವು. ಊರ್ಮಿಳೆಯ ರೈಫಲಿಗೆ ಹಾಕುವುದು ರಿಮ್‌ಫೈರ್, ಕಿರುಬೆರಳ ತುದಿಯಷ್ಟು ಸಪುರ. ಅಭ್ಯಾಸದ ಮಾಲು ಒಂದಕ್ಕೆ ಹನ್ನೆರಡು ರೂಪಾಯಿ. ಪಕ್ಕದಲ್ಲೇ ಸೆಂಟರ್‌ಫೈರ್, ದಪ್ಪನೆಯದು, ತಾಮ್ರದ ಹೊದಿಕೆಯದು, ಒಂದಕ್ಕೆ ಎಪ್ಪತ್ತೈದು. ನಾನು ಏಲಕ್ಕಿ ತೂಗುವ ತಕ್ಕಡಿಯನ್ನು ಹೋಟೆಲಿನಿಂದ ಒಯ್ದು, ಗುರುವಪ್ಪನ ಎದುರಿನಲ್ಲೇ ಎರಡನ್ನೂ ತೂಗಿ, ಒಂದು ವಾರ ಕೂತು ಪಟ್ಟಿ ತಯಾರಿಸಿದೆ. ಫಲಿತಾಂಶ ನೋಡಿ ನನಗೇ ರೋಮಾಂಚನವಾಯಿತು. ಸಣ್ಣದು ಕಿಲೋಗೆ ಮೂರು ಸಾವಿರದ ಆರುನೂರು, ದೊಡ್ಡದು ಬರೀ ಮೂರು ಸಾವಿರ!

"ಗುರುವಪ್ಪನವರೇ, ಇಷ್ಟು ದಿವಸ ನೀವು ನಮಗೆ ಸಣ್ಣದನ್ನು ಕೊಟ್ಟು ಮೋಸ ಮಾಡಿದ್ದೀರಿ. ಕಿಲೋ ಮೇಲೆ ಆರುನೂರು ರೂಪಾಯಿ ನಷ್ಟ."

ಗುರುವಪ್ಪ ವಿಜಾಪುರದ ಕಡೆಯವರು. ಪಟ್ಟಿಯನ್ನು ಎರಡು ಸಲ ಓದಿದರು. "ಸಾಹೇಬ್ರ, ಗುಂಡು ಯಾರೂ ಕಿಲೋಗಟ್ಲೆ ಹೊಡಿಯಂಗಿಲ್ರಿ. ಒಂದೊಂದ ಹೊಡೀತಾರ."

"ಆದರೆ ದೊಡ್ಡದರ ಹಿತ್ತಾಳೆ ಎಷ್ಟು ದಪ್ಪ ಉಂಟು ನೋಡಿ."

"ಖರೇ. ಅದರ ಕಿಡಿ ಹಚ್ಚೋ ಮದ್ದಿನ ಟೋಪಿ ನಡುವ ಇರ್ತದ, ಖಾಲಿಯಾದ ಮ್ಯಾಲ ಬ್ಯಾರೆ ಹಾಕಿ ಮತ್ತ ತುಂಬಬೌದು. ಸಣ್ಣದರದ್ದು ಅಂಚಿನೊಳಗ ಇರ್ತದ. ಒಮ್ಮೆ ಹೊಡದ್ರ ಮುಗೀತು."

"ಹಾಗಾದರೆ ಮರುಬಳಕೆಯ ಲಾಭವೂ ಉಂಟು. ನಮ್ಮವಳಿಗೆ ಇನ್ನು ಮೇಲೆ ದೊಡ್ಡದೇ ಕೊಡಿ."

"ಖಾಲಿ ತುಂಬೋ ಕೆಲಸಾ ನಾವು ಮಾಡಂಗಿಲ್ಲ, ಎಣಿಸಿ ವಾಪಸ್ ಕೊಡಬೇಕು. ಇನ್ನೊಂದ ಮಾತ ಐತ್ರಿ." ಅವರು ಪಟ್ಟಿಯನ್ನು ಮಡಿಚಿ ನನ್ನ ಕಿಸೆಯಲ್ಲೇ ಇಟ್ಟರು. "ಅಕ್ಕಾರ ರೈಫಲಿನ್ಯಾಗ ದೊಡ್ಡದು ಹೋಗಂಗೇ ಇಲ್ಲ."

ಒಂದು ವಾರದ ಸಂಶೋಧನೆ ಹೀಗೆ ಒಂದು ನಿಮಿಷದಲ್ಲಿ ಮಣ್ಣುಪಾಲಾಯಿತು. ಊರ್ಮಿಳಾ ಹಿಂದೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆದರೂ ನನ್ನ ತಲೆಯಲ್ಲಿ ಒಂದು ಅಂಶ ಮಾತ್ರ ಕೂತುಬಿಟ್ಟಿತು. ಆ ಸೆಂಟರ್‌ಫೈರ್ ಗುಂಡು ಮುಟ್ಟಿದರೆ ಒಣಗಿತ್ತು, ದೇವರ ಮುಂದಿನ ದೀಪದ ಹಾಗೆ ಫಳಫಳ ಹೊಳೆಯುತ್ತಿತ್ತು.

ಪಂದ್ಯಕ್ಕೆಂದು ಊರ್ಮಿಳಾ ಬೇರೆಯದೇ ಗುಂಡು ತೆಗೆದಿಟ್ಟಿದ್ದಳು. ಅದೂ ರಿಮ್‌ಫೈರೇ, ಆದರೆ ಹೊರದೇಶದ್ದು, ಒಂದಕ್ಕೆ ಮೂವತ್ತು ರೂಪಾಯಿ. ಸುಮ್ಮನೆ ತಂದದ್ದಲ್ಲ. ಒಂದೇ ಕಂಪನಿಯ ಗುಂಡಾದರೂ ಒಂದೊಂದು ಲಾಟು, ಅಂದರೆ ಒಂದೇ ಸಲ ತಯಾರಾದ ಮಾಲು, ಒಂದೊಂದು ರೈಫಲಿಗೆ ಒಗ್ಗುತ್ತದಂತೆ. ಅವಳು ನಾಲ್ಕು ಲಾಟುಗಳಿಂದ ಹತ್ತು ಹತ್ತು ಹೊಡೆದು ನೋಡಿ, ಹತ್ತೂ ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಅಡಗುವಷ್ಟು ಹತ್ತಿರ ಬಿದ್ದ ಒಂದು ಲಾಟನ್ನು ಆರಿಸಿದ್ದಳು. ಅದರಲ್ಲಿ ಕ್ಲಬ್ಬಿನಲ್ಲಿ ಉಳಿದಿದ್ದುದೇ ನೂರು. ಆ ನೂರೂ ಡೊಂಬಿವಲಿಯ ನಮ್ಮ ಮನೆಯ ಕಬ್ಬಿಣದ ಕಪಾಟಿನಲ್ಲಿ, ಬೀಗದೊಳಗೆ ಇದ್ದವು. ಬೀಗದಕೈ ದೇವರ ಪೀಠದ ಕೆಳಗೆ ಇರುತ್ತದೆಂದು ನನಗೆ ಗೊತ್ತಿರಬಾರದಿತ್ತು. ಆದರೆ ಹೋಟೆಲಿನವನಿಗೆ ಗೊತ್ತಾಗದ ಜಾಗ ಮನೆಯಲ್ಲಿ ಯಾವುದಿದೆ?

ಪಂದ್ಯ ಭಾನುವಾರ. ಶುಕ್ರವಾರ ನನ್ನ ಹೋಟೆಲಿಗೆ ವಾರದ ರಜೆ, ಅವಳು ಕಚೇರಿಗೆ ಹೋಗಿದ್ದಳು. ಮೂರು ಸಾವಿರ ರೂಪಾಯಿಯ ಮಾಲು ಹೇಗಿದೆಯೆಂದು ಒಮ್ಮೆ ನೋಡಿಬಿಡೋಣ ಎಂದು ಕಪಾಟು ತೆರೆದೆ. ಒಂದು ಗುಂಡು ತೆಗೆದು ಬೆರಳಲ್ಲಿ ಉಜ್ಜಿದೆ. ಜಿಡ್ಡು! ಇನ್ನೊಂದು ತೆಗೆದೆ, ಅದೂ ಜಿಡ್ಡು. ನನ್ನ ರಕ್ತ ಕುದಿಯಿತು. ವಾಶಿಯಲ್ಲಿ ಯಾವನೂ ನನಗೆ ಎಣ್ಣೆ ಸವರಿದ ಬೇಳೆ ಮಾರುವ ಧೈರ್ಯ ಮಾಡಿಲ್ಲ. ಇಲ್ಲಿ ನನ್ನ ಹೆಂಡತಿಗೆ, ಅದೂ ಅವಳ ಜೀವಮಾನದ ಪಂದ್ಯಕ್ಕೆ, ಯಾವನೋ ಹಳೆಯ ಸರಕಿಗೆ ಎಣ್ಣೆ ಹಚ್ಚಿ ದಾಟಿಸಿದ್ದಾನೆ!

ಮುಂದಿನದನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ನೂರು ಗುಂಡುಗಳ ಜಿಡ್ಡನ್ನೂ ಒರೆಸಿ ತೆಗೆದೆ. ಹಿತ್ತಾಳೆಗೆ, ನಮ್ಮ ಮನೆಯ ದೀಪಗಳಿಗೆ ಹಚ್ಚುವ ಹಾಗೆ, ಹುಣಸೆಹುಳಿ ಹಚ್ಚಿ ತಿಕ್ಕಿದೆ. ಮತ್ತೆ ಒರೆಸಿದೆ. ಆಮೇಲೆ ಮೊರದಲ್ಲಿ ಹರಡಿ, ಬಾಲ್ಕನಿಯ ಬಿಸಿಲಿನಲ್ಲಿ, ಸಂಡಿಗೆಯ ಪಕ್ಕ ಇಟ್ಟೆ. ಚಿನ್ನದ ಕಾಳುಗಳ ಹಾಗೆ ಹೊಳೆಯುತ್ತಿದ್ದವು. ನಾನು ಕುರ್ಚಿ ಹಾಕಿಕೊಂಡು ಕಾಗೆ ಕಾಯುತ್ತಾ ಕುಳಿತೆ.

ಮಗಳು ತನ್ವಿ ಕಾಲೇಜಿನಿಂದ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ. ಮೊರವನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತಳು.

"ಪಪ್ಪಾ, ಮಮ್ಮೀಲಾ ಸಾಂಗಿತಲಂ ಕಾ?"

"ಅಮ್ಮನಿಗೆ ಹೇಳುವುದೆಂತಕ್ಕೆ? ಬಂದು ನೋಡಿ ಖುಷಿಪಡಲಿ."

ತನ್ವಿ ನನ್ನನ್ನು ಕರುಣೆಯಿಂದ ನೋಡಿ, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಊರ್ಮಿಳಾ ಬಂದಾಗ ಇನ್ನೂ ಸ್ವಲ್ಪ ಬಿಸಿಲಿತ್ತು. ಬ್ಯಾಗನ್ನು ಕೆಳಗಿಟ್ಟಳು. ಮೊರದ ಮುಂದೆ ಕುಳಿತು ಒಂದು ಗುಂಡು ಎತ್ತಿ ಬೆರಳಲ್ಲಿ ತಿರುಗಿಸಿದಳು.

"ಇದು ಎಂತ ಮಾಡಿದ್ದು ಮಾರಾಯ್ರೆ?"

"ಎಣ್ಣೆ ಹಚ್ಚಿ ಕೊಟ್ಟಿದ್ದರು. ನಾನು ಪೂರ್ತಿ ತೆಗೆದು, ಹುಣಸೆಹುಳಿ ಹಚ್ಚಿ ತಿಕ್ಕಿದೆ. ಒಂದರಲ್ಲೂ ಬಿಟ್ಟಿಲ್ಲ."

"ಒಂದರಲ್ಲೂ ಬಿಟ್ಟಿಲ್ವಾ?"

"ಊಹೂಂ. ನೂರೂ ಕ್ಲೀನ್."

ಅವಳು ಕಣ್ಣು ಮುಚ್ಚಿದಳು. "ಅದು ಎಣ್ಣೆ ಅಲ್ಲ. ಮೇಣ. ಕಂಪನಿಯವರೇ ಹಚ್ಚುವುದು. ಸೀಸದ ಗುಂಡಿಗೆ ತಾಮ್ರದ ಹೊದಿಕೆ ಇಲ್ಲ ಅಲ್ವಾ, ನಳಿಗೆಯಲ್ಲಿ ಜಾರಿಕೊಂಡು ಹೋಗ್ಲಿಕ್ಕೆ ಅದೇ ಬೇಕು. ಅದಿಲ್ಲದಿದ್ರೆ ಸೀಸ ಒಳಗೆ ಮೆತ್ತಿಕೊಳ್ತದೆ, ಗುಂಡು ಎಲ್ಲೆಲ್ಲಿಗೋ ಹೋಗ್ತದೆ. ಮತ್ತೆ ನೀವು ಹುಳಿ ಹಚ್ಚಿ ತಿಕ್ಕಿದ್ದು ಎಲ್ಲಿ?"

"ಅಂಚಿಗೆ. ಅಲ್ಲಿ ಸ್ವಲ್ಪ ಕಪ್ಪಿತ್ತು."

"ಮದ್ದು ಇರುವುದೇ ಅಂಚಿನಲ್ಲಿ. ಜೋರಾಗಿ ಒತ್ತಿದ್ರೆ ನಿಮ್ಮ ಬೆರಳು ಇರ್ತಿರ್ಲಿಲ್ಲ." ಅವಳು ನನ್ನ ಬಲಗೈಯನ್ನು ಹಿಡಿದು, ಐದು ಬೆರಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದಳು. "ಲೈಸೆನ್ಸ್ ನನ್ನದು. ನೀವು ಅದನ್ನು ಮುಟ್ಟಲೇಬಾರದು. ಎಷ್ಟು ಸಲ ಹೇಳಿದ್ದೇನೆ?"

ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮೊರದ ಮುಂದೆ ಹಾಗೇ ಕುಳಿತಳು, ಕಣ್ಣಲ್ಲಿ ನೀರು. ಆ ಲಾಟು ಇನ್ನೆಲ್ಲೂ ಸಿಗುವುದಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಒಮ್ಮೆ ಮದುವೆಯಾಗಿ ತಪ್ಪಿಸಿದ ದೆಹಲಿಯನ್ನು ಈ ಸಲ ನಾನು ಹುಣಸೆಹುಳಿ ಹಚ್ಚಿ ತಪ್ಪಿಸಿದ್ದೆ.

ಗುರುವಪ್ಪನವರಿಗೆ ನಾನೇ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ನನ್ನಿಂದ ಎಲ್ಲವನ್ನೂ ಎರಡು ಸಲ ಹೇಳಿಸಿದರು. ಕೊನೆಗೆ, "ತೊಳದ ಗುಂಡು ರೈಫಲಿಗೆ ಹಾಕಬ್ಯಾಡ್ರಿ ಅಂತ ಅಕ್ಕಾರಿಗೆ ಹೇಳ್ರಿ. ನಾ ಬಂದು ಒಯ್ದು ಕ್ಲಬ್ಬಿನ್ಯಾಗ ಜಮಾ ಮಾಡ್ತೀನಿ. ಪಂದ್ಯಾನ ವಾರಾ ವಾರಾ ಹೊಡಿಯೋ ಪ್ರಾಕ್ಟೀಸ್ ಮಾಲಿನ್ಯಾಗ ಆಡಲಿ," ಎಂದರು.

"ಹನ್ನೆರಡು ರೂಪಾಯಿಯದ್ದರಲ್ಲಾ?"

"ಹೌದ್ರಿ. ನೀವು ಕಿಲೋಕ್ಕ ಲೆಕ್ಕಾ ಹಾಕಿದ್ರಲ್ಲ, ಅದರಾಗನ."

ಭಾನುವಾರ ನವಿ ಮುಂಬಯಿಯ ರೇಂಜಿನಲ್ಲಿ ನಾನೂ ತನ್ವಿಯೂ ಹಿಂದಿನ ಸಾಲಿನಲ್ಲಿ ಕುಳಿತೆವು. ಊರ್ಮಿಳಾ ಚಾಪೆಯ ಮೇಲೆ ಕವುಚಿ ಮಲಗಿದಳು. ಅರವತ್ತು ಗುಂಡು, ಒಂದೊಂದಕ್ಕೆ ಹೆಚ್ಚೆಂದರೆ ಹತ್ತು ಅಂಕ. ಅಕ್ಕಪಕ್ಕದವರ ಪೆಟ್ಟಿಗೆಗಳೆಲ್ಲ ಹೊರದೇಶದವು, ಇವಳದ್ದು ಮಾತ್ರ ಕ್ಲಬ್ಬಿನ ಮಾಮೂಲಿ ರಟ್ಟಿನದು. ಮೊದಲ ಹತ್ತರಲ್ಲಿ ತೊಂಬತ್ತೈದು. ಎರಡನೆಯದರಲ್ಲಿ ತೊಂಬತ್ತಮೂರು. ಗುಂಡು ಹತ್ತರ ವೃತ್ತದಿಂದ ಆಚೆ ಹೋದಾಗಲೆಲ್ಲ ನನ್ನ ಬೆರಳಿಗೆ ಹುಣಸೆಯ ವಾಸನೆ ಬಂದಂತಾಗುತ್ತಿತ್ತು. ಮೂರನೆಯ ಹತ್ತಕ್ಕೆ ಅವಳು ಉಸಿರು ಸರಿಮಾಡಿಕೊಂಡು, ಹೊಡೆಯುತ್ತಾ ಹೋದಳು. ತೊಂಬತ್ತಾರು. ತೊಂಬತ್ತಾರು. ತೊಂಬತ್ತೈದು. ಇನ್ನು ಹತ್ತು ಗುಂಡು ಉಳಿದಿತ್ತು, ತೊಂಬತ್ತೈದು ಬೇಕಿತ್ತು. ತನ್ವಿ ನನ್ನ ತೋಳಿಗೆ ಉಗುರು ಊರಿ ಎಣಿಸುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಬಗ್ಗಿ ನೆಲ ನೋಡುತ್ತಾ ಕುಳಿತೆ.

"ಪಪ್ಪಾ," ಅಂದಳು ತನ್ವಿ. ಅಳುತ್ತಾ ಕನ್ನಡದಲ್ಲೇ ಅಂದಳು. "ತೊಂಬತ್ತಾರು."

ಐನೂರ ಎಪ್ಪತ್ತೊಂದು!

ಊರ್ಮಿಳಾ ಹೊರಗೆ ಬಂದಾಗ ಅವಳ ಮುಖದಲ್ಲಿ ಚಾಪೆಯ ಗೆರೆಗಳು ಮೂಡಿದ್ದವು. ನಾನು ರೈಫಲಿನ ಪೆಟ್ಟಿಗೆ ಎತ್ತಿಕೊಳ್ಳಲು ಹೋಗಿ, ನೆನಪಾಗಿ ಕೈ ಹಿಂದೆ ತೆಗೆದುಕೊಂಡೆ. ಅಲ್ಲೇ ಕಟ್ಟೆಯ ಮೇಲೆ ಕುಳಿತೆವು.

"ಹನ್ನೆರಡು ರೂಪಾಯಿಯದ್ದರಲ್ಲಿ ಹೇಗೆ ಹೊಡೆದೆ ಮಾರಾಯ್ತಿ?"

"ಎರಡು ವರ್ಷ ವಾರ ವಾರ ಹೊಡೆದದ್ದು ಅದನ್ನೇ ಅಲ್ವಾ? ಎಲ್ಲಿ ಎಷ್ಟು ವಾಲುತ್ತದೆ ಅಂತ ನನ್ನ ಭುಜಕ್ಕೆ ಗೊತ್ತುಂಟು. ದುಬಾರಿದ್ದಾಗಿದ್ರೆ ಅಷ್ಟು ಹೊಡೀಲಿಕ್ಕೆ ಎಲ್ಲಿ ಆಗ್ತಿತ್ತು?"

"ಊರ್ಮಿಳಾ, ಆವತ್ತು ಮದುವೆಯಿಂದ ನಿನ್ನ ಕ್ಯಾಂಪ್ ತಪ್ಪಿತು. ಈ ಸಲವೂ ನಾನೇ ತಪ್ಪಿಸ್ತಿದ್ದೆ."

ಅವಳು ಅಚ್ಚರಿಯಿಂದ ನನ್ನತ್ತ ತಿರುಗಿದಳು. "ಇಷ್ಟು ವರ್ಷ ಅದನ್ನು ತಲೆಯಲ್ಲಿ ಇಟ್ಟುಕೊಂಡಿದ್ರಾ? ಕ್ಯಾಂಪಾ, ಮದುವೆಯಾ ಅಂತ ಅಪ್ಪ ನನ್ನನ್ನೇ ಕೇಳಿದ್ದು. ಮದುವೆ ಅಂತ ಹೇಳಿದ್ದು ನಾನೇ."

"ನೀನಾ? ಯಾಕೆ?"

"ಹೆಣ್ಣು ನೋಡ್ಲಿಕ್ಕೆ ಬಂದವರು ನನ್ನ ಮುಖ ನೋಡುವ ಮೊದಲು, ಉಪ್ಪಿಟ್ಟಿನ ರವೆ ಯಾವ ಅಂಗಡಿದ್ದು ಅಂತ ಕೇಳಿದಿರಿ. ಒಳಗೆ ಹೋಗಿ ಒಂದು ಗಂಟೆ ನಕ್ಕಿದ್ದೇನೆ. ಇವರ ಜೊತೆ ಬೇಸರ ಬರ್ಲಿಕ್ಕಿಲ್ಲ ಅಂತ ಕಂಡಿತು."

ನನ್ನ ಕಣ್ಣು ತುಂಬಿ ಬಂತು. ಹುಟ್ಟುಗುಣ ಮಾತ್ರ ಸುಮ್ಮನಿರಲಿಲ್ಲ. ಕೇಳಿಯೇಬಿಟ್ಟೆ. "ಹಾಗಾದರೆ ನೀನು ಆರಿಸಿದ ಮಾಲು ಉತ್ತಮ ದರ್ಜೆಯದ್ದು ಅಂತಾಯ್ತು. ಪಂದ್ಯದ್ದು."

"ಪಂದ್ಯದ್ದಾ?" ಅವಳು ನನ್ನ ಅಂಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. "ಇಲ್ಲ ಮಾರಾಯ್ರೆ. ನೀವು ಪ್ರಾಕ್ಟೀಸಿನ ಮಾಲು. ಒಂದೊಂದ್ಸಲ ಎಲ್ಲೆಲ್ಲಿಗೋ ಹೋಗ್ತೀರಿ. ಆದ್ರೆ ದಿನಾ ಬೇಕಾಗುವುದು ಅದೇ."

ಇಪ್ಪತ್ತೈದು ವರ್ಷದ ವ್ಯಾಪಾರದಲ್ಲಿ ಮೊದಲ ಸಲ ನಾನು ಚೌಕಾಸಿ ಮಾಡಲಿಲ್ಲ.