ಗಂಗಿಗೆ ಕಟ್ಟಿದ ಅಂಟಿನ ಉಂಡೆ

ಕಿರಾಣಿ ಅಂಗಡಿಯಲ್ಲಿ ಒಣದ್ರಾಕ್ಷಿಯ ಡಬ್ಬ ಕಂಡರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಹಾವಿಗೆ ಹೆದರುವವರಿಗೆ, ಸಿಡಿಲಿಗೆ ಹೆದರುವವರಿಗೆ ಲೋಕದಲ್ಲಿ ಒಂದು ಮರ್ಯಾದೆ ಇದೆ. ಪಾಪ ಎಂದು ಪಕ್ಕಕ್ಕೆ ಕೂರಿಸಿ ನೀರು ಕೊಡುತ್ತಾರೆ. ದ್ರಾಕ್ಷಿಗೆ ಹೆದರುವವನಿಗೆ ಅದೂ ಇಲ್ಲ. ಮೊನ್ನೆ ಒಂದು ನಾಮಕರಣದ ಊಟದಲ್ಲಿ ಪಾಯಸದೊಳಗೆ ಉಬ್ಬಿ ಕೂತಿದ್ದ ದ್ರಾಕ್ಷಿಗಳನ್ನು ಹೆಕ್ಕಿ ಎಲೆಯ ಅಂಚಿಗೆ ಸರಿಸುತ್ತಿದ್ದೆ. ಪಕ್ಕದಲ್ಲಿ ಕೂತವರು, "ಶುಗರ್ ಏನ್ರಿ?" ಎಂದರು. ಹೌದು ಎಂದುಬಿಟ್ಟೆ. ನಿಜ ಹೇಳಲು ಹೊರಟರೆ ಗಂಗಿಯ ಬಾಣಂತನದಿಂದ ಶುರುಮಾಡಬೇಕಾಗುತ್ತಿತ್ತು. ಅಷ್ಟರಲ್ಲಿ ಮಜ್ಜಿಗೆ ಬಂದು ಹೋಗುತ್ತಿತ್ತು.

ಗಂಗಿ ಎಂದರೆ ನಾಯಿ. ನ್ಯಾಮತಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಒಡತಿ ಹಾಲಮ್ಮನವರು ಕೆಳಗೆ ಹಿಟ್ಟಿನ ಗಿರಣಿ ನಡೆಸುತ್ತಾರೆ. ಮಹಡಿಯ ಮೇಲೆ ನಾನು ಮತ್ತು ನನ್ನ ಹೆಂಡತಿ ಶೈಲಾ. ಗಂಗಿ ಆ ಗಿರಣಿಯಲ್ಲೇ ಬೆಳೆದವಳು. ಕಳೆದ ಚಳಿಗಾಲದಲ್ಲಿ ಅವಳು ನಮ್ಮ ಮೆಟ್ಟಿಲ ಕೆಳಗೆ ನಾಲ್ಕು ಮರಿ ಹಾಕಿದಳು. ನಾನು ಸವಳಂಗದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವನು, ಕಪ್ಪೆಯ ಜೀರ್ಣಾಂಗಗಳನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಆದರೆ ನಾನು ಓದಿದ ಪ್ರಾಣಿಗಳೆಲ್ಲ ಸತ್ತು ಬಾಟಲಿಯಲ್ಲಿದ್ದವು. ಉಸಿರಾಡುವ, ಹಲ್ಲಿರುವ ಪ್ರಾಣಿಯ ಎದುರು ನನ್ನ ಪದವಿ ಮೊಣಕಾಲಿನವರೆಗೂ ಬರುವುದಿಲ್ಲ. ಮರಿ ಹಾಕಿದ ಮೇಲೆ ಗಂಗಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಗುರ್ ಎನ್ನುತ್ತಿದ್ದಳು. ಬಿಸಿಲು ಬಿದ್ದ ಬೆಳಿಗ್ಗೆಗಳಲ್ಲೂ ನಾನು ಮಳೆಯ ಪ್ಯಾಂಟು ತೊಟ್ಟು, ಹೆಲ್ಮೆಟ್ಟನ್ನು ಗುರಾಣಿಯಂತೆ ಹಿಡಿದು ಇಳಿಯುತ್ತಿದ್ದೆ.

ಹಾಲಮ್ಮನವರಿಗೆ ನನ್ನನ್ನು ನೋಡಿ ನೋಡಿ ಸಾಕಾಗಿರಬೇಕು. "ಬಾಣಂತಿ ಅಲ್ಲೇನ್ರಿ ಸರ್ ಅದು? ಸಿಡಿಸಿಡಿ ಅಂತಿರ್ತೈತೆ. ಏನಾರ ಒಂದೀಟು ನಿಮ್ಮ ಕೈಯಾರೆ ಮಾಡಿ ಹಾಕ್ರಿ. ವಾಸನೆ ಗುರ್ತು ಸಿಕ್ರೆ ಸುಮ್ನಾಗ್ತೈತೆ," ಎಂದರು.

ಮೊದಲು ಬಿಸ್ಕತ್ತು ಮಾಡಿದೆ. ರಾಗಿ ಹಿಟ್ಟು, ಶೇಂಗಾ, ಒಂದು ಮೊಟ್ಟೆ. ಕುಕ್ಕರಿನ ತಳಕ್ಕೆ ಮರಳು ಹಾಕಿ ಬೇಯಿಸಿದೆ. ಅದು ಹೆಂಚಿನಂತೆ ಬಂತು. ಗಂಗಿ ಮೂಸಿ ಮುಖ ತಿರುಗಿಸಿದಳು. ಹಾಲಮ್ಮನವರು ಅದರಲ್ಲಿ ಒಂದನ್ನು ಅಲ್ಲಾಡುತ್ತಿದ್ದ ತಕ್ಕಡಿಯ ಮೇಜಿನ ಕಾಲಿಗೆ ಕೊಟ್ಟರು. ಈಗ ಮೇಜು ಅಲ್ಲಾಡುವುದಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ "ಬಾಣಂತಿ" ಎಂಬ ಮಾತು ತಲೆಯಲ್ಲಿ ಕೂತಿತ್ತು. ನಮ್ಮ ಕಡೆ ಬಾಣಂತಿ ಎಂದರೆ ಅಂಟಿನ ಉಂಡೆ. ಜಗಳೂರಿನಲ್ಲಿರುವ ನಮ್ಮ ಅತ್ತೆ ಅದರಲ್ಲಿ ಎತ್ತಿದ ಕೈ. ಶನಿವಾರ ಫೋನು ಮಾಡಿ ಮಾಡುವ ಬಗೆ ಕೇಳಿದೆ. "ಯಾರಿಗಪ್ಪ? ಯಾರು ಹಡೆದಾರೆ?" ಎಂದರು. ನಾಯಿಗೆ ಎನ್ನಲು ನಾಚಿಕೆಯಾಯಿತು. ಅಳಿಯನಾದವನಿಗೆ ಅತ್ತೆಯ ಮುಂದೆ ಉಳಿದಿರುವುದೇ ಒಂದಿಷ್ಟು ಘನತೆ. "ಕೆಳಗಿನ ಮನೇಲಿ, ಅತ್ತೆ," ಎಂದೆ. ಆ ಒಂದು ಸಣ್ಣ ಸುಳ್ಳಿನ ಬೆನ್ನ ಮೇಲೆ ಮಿಕ್ಕ ಅನಾಹುತವೆಲ್ಲ ಹತ್ತಿ ಬಂತು. ಅತ್ತೆ ಮನಸಾರೆ ಹೇಳಿಕೊಟ್ಟರು. ಅಂಟು ತುಪ್ಪದಲ್ಲಿ ಅರಳಬೇಕು, ಕೊಬ್ಬರಿ ಸಣ್ಣಗೆ ತುರಿಯಬೇಕು, ಉತ್ತತ್ತಿ ಕುಟ್ಟಬೇಕು, ಬೆಲ್ಲದ ಪಾಕ ಎಳೆಯಾಗಿರಬೇಕು. "ಒಣದ್ರಾಕ್ಷಿ ಮಾತ್ರ ಕೈ ಬಿಗಿ ಹಿಡೀಬ್ಯಾಡಪ್ಪ. ಹಡೆದೋಳಿಗೆ ರಕ್ತ ಆಗ್ಬೇಕು." ನಾನು ಬಿಗಿ ಹಿಡಿಯಲಿಲ್ಲ.

ಭಾನುವಾರ ಬೆಳಿಗ್ಗೆ ಐದನೇ ಮೆಟ್ಟಿಲಿನಿಂದ ಒಂದು ಉಂಡೆ ಎಸೆದೆ. ಗಂಗಿ ಮೂಸಿದಳು, ನುಂಗಿದಳು, ತಲೆಯೆತ್ತಿ ನನ್ನನ್ನು ನೋಡಿದಳು. ಬಾಲ ಒಮ್ಮೆ ಅಲ್ಲಾಡಿತು. ನಾಯಿಯೊಂದು ನನಗಾಗಿ ಬಾಲ ಅಲ್ಲಾಡಿಸಿದ್ದು ನನ್ನ ಜನ್ಮದಲ್ಲೇ ಮೊದಲು. ಇನ್ನೊಂದು ಹಾಕಿದೆ, ಬಾಲ ಎರಡು ಸಲ ಅಲ್ಲಾಡಿತು. ಹೊಗಳಿಕೆಯ ರುಚಿ ಹತ್ತಿದವನು ಎಲ್ಲಿ ನಿಲ್ಲಿಸುತ್ತಾನೆ? ಐದು ಉಂಡೆ ಹಾಕಿ, ಗೆದ್ದವನಂತೆ ಮೇಲೆ ಹೋಗಿ ಕಾಫಿ ಕುಡಿದೆ.

ದಿನಕ್ಕೆ ಎಷ್ಟು ಹಾಕಬಹುದೋ ನೋಡೋಣ ಎಂದು ಶೈಲಾ ಮೊಬೈಲ್ ತೆಗೆದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಬಿಳುಪೇರಿತು. "ರೀ, ಅದ್ರಾಗೆ ದ್ರಾಕ್ಷಿ ಹಾಕಿದ್ರಾ?"

"ಹಾಕ್ದೇ ಇರ್ತೀನಾ? ಕೈ ಬಿಟ್ಟು ಹಾಕೀನಿ."

"ನಾಯಿಗೆ ದ್ರಾಕ್ಷಿ ವಿಷ ಅಂತೆ ಕಣ್ರೀ. ಕಿಡ್ನಿ ಹೋಗಿಬಿಡ್ತಾವಂತೆ."

ಆಮೇಲಿನದನ್ನು ಈಗಲೂ ದಿನಕ್ಕೊಮ್ಮೆ ಮನಸ್ಸಿನಲ್ಲಿ ಓಡಿಸಿ ನೋಡುತ್ತೇನೆ. ನಾನು ಓಡಿ ಬಂದು ಮೆಟ್ಟಿಲಿಂದ ಬಗ್ಗಿದಾಗ ಗಂಗಿ ಅಡ್ಡ ಮಲಗಿದ್ದಳು. ಇನ್ನೂ ಕಣ್ಣು ಬಿಡದ ನಾಲ್ಕು ಮರಿಗಳು ಅವಳ ಹೊಟ್ಟೆಗೆ ಅಂಟಿಕೊಂಡು ಹಾಲು ಕುಡಿಯುತ್ತಿದ್ದವು. ಅವಳು ಮೀಸೆ ನೆಕ್ಕಿಕೊಳ್ಳುತ್ತಿದ್ದಳು. ಒದ್ದಾಡುತ್ತಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಆ ತೃಪ್ತಿಯನ್ನು ನೋಡಲಾಗಲಿಲ್ಲ. ಅವಳೊಬ್ಬಳು ಹೋದರೆ ಐದು ಜೀವ. ಪಶು ಆಸ್ಪತ್ರೆಗೆ ರಜೆ. ಅದರ ಗೋಡೆಯ ಮೇಲೆ ಬರೆದಿದ್ದ ನಂಬರಿಗೆ ಫೋನು ಮಾಡಿದರೆ ಡಾಕ್ಟರು ಹೊನ್ನಾಳಿಯ ತಮ್ಮ ಮನೆಯಲ್ಲಿದ್ದರು. "ತಿಂದು ಎಷ್ಟೊತ್ತಾತು? ಮುಕ್ಕಾಲು ತಾಸಾ? ಹಂಗಾರೆ ಕೂಡ್ಲೇ ಕರ್ಕಂಬರ್ರಿ, ವಾಂತಿ ಮಾಡಿಸಾಕೆ ಟೈಮ್ ಐತೆ. ತಡ ಆದ್ರೆ ನನ್ ಕೈಲಿ ಏನಿಲ್ಲ. ಉಳಿದ ಉಂಡೆನೂ ತರ್ರಿ," ಎಂದರು.

ಇನ್ನು ಹಾಲಮ್ಮನವರಿಗೆ ಹೇಳಬೇಕಿತ್ತು. ಗಿರಣಿ ಭರ್ರೋ ಎಂದು ಓಡುತ್ತಿತ್ತು. ಎರಡು ಸಲ ಹೇಳಿದೆ, ಕೇಳಲಿಲ್ಲ. ಮೂರನೆಯ ಸಲ ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗುವುದಕ್ಕೂ ಅವರು ಯಂತ್ರ ನಿಲ್ಲಿಸುವುದಕ್ಕೂ ಸರಿಹೋಯಿತು. "ಗಂಗಿಗೆ ವಿಷ ಹಾಕಿಬಿಟ್ಟೆ, ಹಾಲಮ್ಮನೋರೇ!" ಎಂಬ ನನ್ನ ಧ್ವನಿ ಬಸ್ ಸ್ಟ್ಯಾಂಡಿನವರೆಗೂ ಹೋಗಿರಬೇಕು. ಜೋಳದ ಚೀಲ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ತಿರುಗಿದರು. ಹಾಲಮ್ಮನವರು ಹುಬ್ಬಿನ ಹಿಟ್ಟು ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓದಿದೋರು ನೀವು," ಎಂದಷ್ಟೇ ಹೇಳಿ, ಮರಿಗಳನ್ನು ಬುಟ್ಟಿಗೆ ತುಂಬಿಕೊಂಡು ಆಟೋ ಹತ್ತಿದರು. ಮರಿಗಳ ಹಿಂದೆ ಗಂಗಿ, ಗಂಗಿಯ ಹಿಂದೆ ನಾನು. ಜಾಗವಿಲ್ಲದೆ ಅವಳು ನನ್ನ ತೊಡೆಯ ಮೇಲೆ ಗದ್ದ ಊರಿದಳು. ಅವಳು ಆಕಳಿಸಿದರೆ ಇದು ವಿಷದ ಲಕ್ಷಣವೇ, ಜೊಲ್ಲು ಸುರಿಸಿದರೆ ಇದು ಲಕ್ಷಣವೇ ಎಂದು ಹೊನ್ನಾಳಿಯವರೆಗೂ ಲೆಕ್ಕ ಹಾಕಿದೆ. ನಿನ್ನೆಯವರೆಗೆ ಗುರ್ ಎಂದರೆ ನಡುಗುತ್ತಿದ್ದವನು, "ಒಂದು ಸಲ ಗುರ್ ಅನ್ನೇ ತಾಯಿ," ಎಂದು ಬೇಡಿಕೊಳ್ಳುತ್ತಿದ್ದೆ.

ಡಾಕ್ಟರು ಸೂಜಿ ಚುಚ್ಚಿದರು. ಉಂಡೆಗಳು ಹೋದ ದಾರಿಯಲ್ಲೇ ವಾಪಸು ಬಂದವು. ನಾನು ತಂದಿದ್ದ ಉಂಡೆಯೊಂದನ್ನು ಮುರಿದು ನೋಡಿ, "ಇದು ಉಂಡೆನೋ, ದ್ರಾಕ್ಷಿ ತೋಟನೋ?" ಎಂದರು. ಡ್ರಿಪ್ ಏರಿಸಿ, ದಿನಾ ಕರೆತಂದು ಹಾಕಿಸಬೇಕೆಂದೂ ಮೂರು ದಿನ ಕಳೆಯದೆ ಏನೂ ಹೇಳಲಾಗದೆಂದೂ ತಿಳಿಸಿದರು. ಉಚ್ಚೆ ಹೊಯ್ಯುವುದು ನಿಂತರೆ ಕಿಡ್ನಿ ಕೆಟ್ಟಿತೆಂದು ಅರ್ಥವಂತೆ. ಅದನ್ನು ಗಮನಿಸುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಶಾಲೆಗೆ ರಜೆ ಹಾಕಿ, ಗಂಗಿ ಹೋದಲ್ಲೆಲ್ಲ ಹಿಂದೆ ಹಿಂದೆ ಹೋದೆ. ಅವಳು ಕುಕ್ಕರಿಸಿದಾಗಲೆಲ್ಲ ನಾನು ಕೈ ಮುಗಿಯುತ್ತಿದ್ದುದನ್ನು ಬೀದಿಯ ಜನ ಏನೆಂದುಕೊಂಡರೋ. ನಡುವೆ ಅತ್ತೆಯ ಫೋನು. "ಆ ಬಾಣಂತಿ ಹೆಂಗದಾಳಪ್ಪ?"

"ಡ್ರಿಪ್ ಹಾಕ್ಯಾರೆ, ಅತ್ತೆ."

"ಅಯ್ಯೋ ಶಿವನೇ! ಗಂಡ ಅನ್ನೋನು ಏನ್ ಮಾಡ್ತಾನೆ?"

"ಅವನದೇನು, ಊರು ತುಂಬ ಅಡ್ಡಾಡ್ಕಂಡು ಅವ್ನೆ," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಾಲ್ಕನೆಯ ದಿನ ರಕ್ತ ಪರೀಕ್ಷೆ ಮಾಡಿದ ಡಾಕ್ಟರು, "ಗಟ್ಟಿ ಜೀವ, ಉಳ್ಕಂತು," ಎಂದರು. ನಾನು ಆಸ್ಪತ್ರೆಯ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ದಿನ ಮಾತು ಬಿಟ್ಟಿದ್ದ ಹಾಲಮ್ಮನವರು ಸೆರಗಿನಿಂದ ಗಾಳಿ ಹಾಕಿದರು.

ಮಾರನೆಯ ಬೆಳಿಗ್ಗೆ ಮೆಟ್ಟಿಲ ಕೆಳಗೆ ಯಾರೂ ಇರಲಿಲ್ಲ. ಹಾಲಮ್ಮನವರು ಗಿರಣಿಯ ಬಾಗಿಲಿನಿಂದ ರಸ್ತೆಯಾಚೆಗೆ ಕೈ ತೋರಿಸಿದರು. ಗಂಗಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗಿ ಎದುರಿನ ಸೈಕಲ್ ಅಂಗಡಿಯ ಹಿಂದೆ ಇಟ್ಟಿದ್ದಳು. ಕೊನೆಯದನ್ನು ಸಾಗಿಸುತ್ತಿದ್ದವಳು ನನ್ನನ್ನು ಕಂಡು ಹೆಜ್ಜೆ ಜೋರು ಮಾಡಿದಳು.

"ಅವು ಹಂಗೇರಿ ಸರ್," ಎಂದರು ಹಾಲಮ್ಮನವರು. "ಅಪಾಯ ಐತೆ ಅನ್ನಿಸಿದ ಜಾಗದಾಗೆ ಮರಿ ಬಿಡಲ್ಲ."

ಎಂಥ ಅಪಾಯವೋ ಏನೋ ಎಂದು ಹೆದರಿ ಹಿಂದೆ ತಿರುಗಿ ನೋಡಿದೆ. ಮೆಟ್ಟಿಲ ಮೇಲೆ ನಾನೊಬ್ಬನೇ ಇದ್ದೆ.