ಗುಂಡುಸೂಜಿ ಮತ್ತು ಮೂರನೇ ಫಾರಂ

ತುಟಿಗಳ ನಡುವೆ ಆರು ಗುಂಡುಸೂಜಿ ಕಚ್ಚಿಕೊಂಡು ಪರದೆಯ ಅಂಚು ಮಡಿಸುತ್ತಿದ್ದಾಗ ಆಸ್ಪತ್ರೆಯ ಮ್ಯಾನೇಜರರ ಫೋನು ಬಂತು. ವಾರ್ಡುಗಳಿಗೆ ನೂರಿಪ್ಪತ್ತು ಪರದೆ ಹೊಲಿಯುವ ಕೆಲಸ ಅವಳಿಗೇ. ಆದರೆ ಸಂಜೆ ಐದರೊಳಗೆ ಆದಾಯ ತೆರಿಗೆ ಫಾರಂ ಸಲ್ಲಿಸಿದ ರಸೀದಿ ತರಬೇಕು, ಅದರಲ್ಲಿ ಉದ್ಯೋಗ ಹೊಲಿಗೆ ಎಂದಿರಬೇಕು. ಇಲ್ಲವಾದರೆ ಕೆಲಸ ಬೇರೆಯವರಿಗೆ. ಬಾಯಲ್ಲಿ ಸೂಜಿಯಿದ್ದುದರಿಂದ ಅವಳು “ಹೂಂ” ಅಂದಳು.

ಇಪ್ಪತ್ತೆರಡು ವರ್ಷದಿಂದ ಆ ಮನೆಯಲ್ಲಿ ಅವಳ ಭಾಷಣವೆಲ್ಲ ಅಷ್ಟೇ. ಏನಾದರೂ ಒಪ್ಪಿಸಬೇಕಾದವರು ಅವಳ ಬಾಯಲ್ಲಿ ಸೂಜಿಯಿರುವ ಹೊತ್ತು ನೋಡಿಯೇ ಬರುತ್ತಿದ್ದರು. ವರ್ಷಕ್ಕೊಮ್ಮೆ ಗಂಡ ಯಾವುದೋ ಕಾಗದ ತಂದು ಮಷಿನ್ನಿನ ಮೇಲೆ ಹರಡಿ “ಇಲ್ಲೊಂದು ಸೈನು” ಅನ್ನುತ್ತಿದ್ದದ್ದೂ ಅಂಥ ಹೊತ್ತಲ್ಲೇ.

ಫಾರಂ ವಿಷಯ ಕೇಳಿ ಗಂಡ ಪೇಪರಿನಿಂದ ತಲೆ ಎತ್ತಿದ. ಅದೇ ಒಂದು ವಿಶೇಷ. “ನಿನಗ್ಯಾಕೆ ಫಾರಂ? ಅದು ಆದಾಯ ಇರೋರಿಗೆ. ನೀನು ಮಾಡೋದು ಟೈಂಪಾಸು. ಸುಮ್ನೆ ಆ ಆಫೀಸಿನ ಕಡೆ ಹೋಗಬೇಡ, ಬಿಸಿಲು ಬೇರೆ,” ಎಂದ. ಅವಳಿಗೆ ಜ್ವರ ಬಂದಾಗಲೂ ಅವನು ಇಷ್ಟು ಕಾಳಜಿ ತೋರಿಸಿರಲಿಲ್ಲ.

ನಾದಿನಿಗೆ ಫೋನು ಮಾಡಿದಳು. ಆಕೆ ಫಾರಂಗಳನ್ನೂ ಚಪ್ಪಲಿಗಳಂತೆಯೇ ಆರಿಸುವವಳು, ಚಿಕ್ಕದಾದಷ್ಟೂ ಚೆಂದ. ಒಂದನೇ ಫಾರಂ ಒಂದೇ ಪುಟ, ಹೆಂಗಸರಿಗೆ ಅದು ಸಾಕು ಎಂದು ತೀರ್ಪು ಕೊಟ್ಟಳು.

ಅಷ್ಟರಲ್ಲಿ ಮಹಡಿಯ ಮೇಷ್ಟ್ರು ಕೊಡೆ ಹಿಡಿದು ಇಳಿದುಬಂದರು. ನಿವೃತ್ತ ಗಣಿತದ ಮೇಷ್ಟ್ರು, ಮಹಡಿಗೆ ಬಾಡಿಗೆಗಿದ್ದವರು. ಬಾಡಿಗೆ ಗಂಡನ ಕೈಗೆ, ದೂರು ಇವಳ ಕಿವಿಗೆ. ಮಧ್ಯಾಹ್ನ ಎರಡರಿಂದ ನಾಲ್ಕು ಅವರ ನಿದ್ದೆ. ಆಗ ಮಷಿನ್ನು ಕಟಕಟ ಎಂದರೆ ಮೇಲಿನಿಂದ ಕೋಲು ಕುಟ್ಟುತ್ತಿದ್ದರು. ಹಾಗಾಗಿಯೇ ಅವಳ ಮಷಿನ್ನು ಕಿಟಕಿಯ ಬೆಳಕು ಬಿಟ್ಟು ಮೆಟ್ಟಿಲ ಕೆಳಗಿನ ಕತ್ತಲಿಗೆ ಹೋಗಿ, ಎರಡು ಹಳೇ ಕಂಬಳಿಯ ಮೇಲೆ ಕೂತಿತ್ತು. ಫಾರಂ ತುಂಬುವುದೂ ಒಂದು ಗಣಿತವೇ ಎಂದು ಮೇಷ್ಟ್ರು ಜೊತೆಗೆ ಹೊರಟೇಬಿಟ್ಟರು.

ತೆರಿಗೆ ಆಫೀಸಿನ ಕೌಂಟರಿನ ಗುಮಾಸ್ತೆ ಒಂದನೇ ಫಾರಂ ನೋಡಿ ಕನ್ನಡಕ ಸರಿಸಿದಳು. “ಇದು ಸಂಬಳದವರದ್ದು. ನಿಮ್ಮ ಮೇಲೆ ಯಜಮಾನರು ಯಾರಾದ್ರೂ ಇದ್ದಾರಾ?”

ಸುಮಾರು ಜನ ಇದ್ದಾರೆ ಎನ್ನಬೇಕೆನಿಸಿತು. ಆದರೆ ಅವರ‍್ಯಾರೂ ಸಂಬಳ ಕೊಡುವವರಲ್ಲ. ಮತ್ತೆ ಸಾಲಿನ ಕೊನೆಗೆ ಹೋದಳು.

ಮೇಷ್ಟ್ರು ಐದನೇ ಫಾರಂ ತಂದುಕೊಟ್ಟರು. ಹೆಂಗಸರು ಮನೆಯಲ್ಲಿ ಹೊಲಿಯುವುದು ಸೇವೆ, ಸೇವೆಗೆ ಇದೇ ಎಂದು ಸಿದ್ಧಾಂತ ಮಾಡಿದರು. ಹದಿನಾಲ್ಕು ಪುಟ ತುಂಬಿ ಕೌಂಟರು ತಲುಪಿದಾಗ, ಅದು ಅನಾಥಾಶ್ರಮಗಳ ಫಾರಂ, ನಿಮ್ಮ ಆಶ್ರಮದಲ್ಲಿ ಎಷ್ಟು ಜನ ಎಂದಳು ಗುಮಾಸ್ತೆ. ಮೇಷ್ಟ್ರ ಕಡೆ ತಿರುಗಿದರೆ ಗಂಟೆ ಎರಡಾಗಿತ್ತು. ಅವರು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದರು. ಅವರ ಕಿವಿಯ ಪಕ್ಕದಲ್ಲೇ ಒಂದು ಪ್ರಿಂಟರು ಹತ್ತು ಹೊಲಿಗೆ ಮಷಿನ್ನಿನಷ್ಟು ಗದ್ದಲ ಮಾಡುತ್ತಿತ್ತು. ಅವರು ಒಂದು ರೆಪ್ಪೆಯನ್ನೂ ಅಲುಗಿಸಲಿಲ್ಲ. ಅವಳು ಅದನ್ನು ಸ್ವಲ್ಪ ಹೊತ್ತು ನಿಂತು ನೋಡಿದಳು.

ಕೊನೆಗೆ ಗುಮಾಸ್ತೆಯೇ ಮೂರನೇ ಫಾರಂ ಕೊಟ್ಟಳು. ಸ್ವಂತ ಕಸುಬಿನವರದ್ದು. ಉದ್ಯೋಗ ಎಂಬಲ್ಲಿ ಅವಳು ‘ಹೊಲಿಗೆ’ ಎಂದು ಬರೆದಳು. ಚೆನ್ನಾಗಿ ಕಂಡಿತು. ಮೂರನೇ ಸಲ ಸಾಲು ದಾಟಿದಾಗ ನಾಲ್ಕೂವರೆ.

ಗುಮಾಸ್ತೆ ಅವಳ ಪ್ಯಾನ್ ನಂಬರು ಕಂಪ್ಯೂಟರಿನಲ್ಲಿ ಒತ್ತಿದಳು. ಹುಬ್ಬು ಏರಿಸಿದಳು.

“ನಿಮ್ಮದು ಹೋದ ತಿಂಗಳೇ ಸಲ್ಲಿಕೆ ಆಗಿದೆಯಲ್ಲಮ್ಮ. ಎರಡನೇ ಫಾರಂ. ಒಂಬತ್ತು ವರ್ಷದಿಂದ ತಪ್ಪದೆ ಬಂದಿದೆ.”

“ನಾನು ಸಲ್ಲಿಸಿಲ್ಲ.”

“ಸೈನು ನಿಮ್ಮದೇ. ಉದ್ಯೋಗ ಇಲ್ಲ, ಮಹಡಿ ಬಾಡಿಗೆ ಉಂಟು. ಮಹಡಿ ನಿಮ್ಮ ಹೆಸರಲ್ಲಿದೆ. ನೀವು ಮನೆ ಓನರು, ಗೊತ್ತಿಲ್ವಾ?” ಗುಮಾಸ್ತೆ ದನಿ ತಗ್ಗಿಸಿದಳು. “ತೆರಿಗೆ ಕಡಿಮೆಯಾಗಲಿ ಅಂತ ಸುಮಾರು ಗಂಡಸರು ಹೀಗೆ ಮಾಡ್ತಾರೆ ಬಿಡಿ.”

ಹಳೆಯದನ್ನು ರದ್ದುಮಾಡಿ ಹೊಸದು ಕೊಡಬಹುದು. ಅದಕ್ಕೆ ಆರನೇ ಫಾರಂ, ಹದಿನೈದು ದಿನ. ಐದು ಗಂಟೆಗೆ ಕೌಂಟರಿನ ಬಾಗಿಲು ಇಳಿಯಿತು. ನೂರಿಪ್ಪತ್ತು ಪರದೆ ಬೇರೆ ಯಾರದೋ ಮಷಿನ್ನಿಗೆ ಹೋದವು. ಮೇಷ್ಟ್ರು ಎದ್ದು ಆಕಳಿಸಿ, ಎಲ್ಲ ಸಲೀಸಾಯಿತಲ್ಲ, ನಾನು ಬಂದದ್ದು ಒಳ್ಳೆಯದಾಯಿತು ಎಂದರು.

ಮನೆಗೆ ಬಂದವಳು ಟೇಪು ತೆಗೆದುಕೊಂಡು ನೇರ ಮಹಡಿ ಹತ್ತಿದಳು. ಒಂಬತ್ತು ವರ್ಷದಲ್ಲಿ ಆ ಕೋಣೆಯನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ದೊಡ್ಡ ಕಿಟಕಿ. ಸಂಜೆಯಾದರೂ ಇನ್ನೂ ಬೆಳಕು.

“ನಮಗೂ ಪರದೆ ಹೊಲಿತೀಯೇನಮ್ಮ?” ಮೇಷ್ಟ್ರು ಖುಷಿಯಿಂದ ಕೇಳಿದರು.

“ಹೂಂ,” ಅಂದಳು. ಅವಳು ಕಿಟಕಿಯನ್ನು ಅಳೆಯಲಿಲ್ಲ. ಕಿಟಕಿಯ ಮುಂದಿನ ನೆಲ ಅಳೆದಳು. ಮಷಿನ್ನು ನಾಲ್ಕಡಿ, ಕತ್ತರಿಸುವ ಮೇಜು ಆರಡಿ. ಎರಡೂ ಹಿಡಿಸುತ್ತವೆ. ಕಂಬಳಿ ಬೇಕಿಲ್ಲ. ಬಾಡಿಗೆಯವರಿಗೆ ಎಷ್ಟು ದಿನ ಮೊದಲು ತಿಳಿಸಬೇಕೆಂದು ನಾಳೆ ಆ ಗುಮಾಸ್ತೆಯನ್ನೇ ಕೇಳಬೇಕು. ಹೇಗೂ ಆರನೇ ಫಾರಂಗೆ ಹೋಗುವುದಿದೆ.

ಕೆಳಗೆ ಗಂಡ ಕಾಯುತ್ತಿದ್ದ. ಪೇಪರು ತಲೆಕೆಳಗಾಗಿ ಹಿಡಿದಿದ್ದ. “ಆಫೀಸಲ್ಲಿ ಏನಂದ್ರು? ಏನೂ ಅನ್ನಲಿಲ್ಲ ತಾನೇ?”

ಅವಳು ಮೆಟ್ಟಿಲ ಕೆಳಗೆ ಕೂತು, ಡಬ್ಬಿಯಿಂದ ಆರು ಗುಂಡುಸೂಜಿ ಎಣಿಸಿ ತೆಗೆದು, ಒಂದೊಂದಾಗಿ ತುಟಿಗಳ ನಡುವೆ ಕಚ್ಚಿಕೊಂಡಳು.