ಬಿಮ್ಮಟೆಗೆ ಹತ್ತು ಸಹಿ

ತನ್ಮಯಿಯ ಶಾಲೆಯಲ್ಲಿ ಹೊಸ ಪದ ಹುಟ್ಟಿಸುವ ಸ್ಪರ್ಧೆ. ಯಾರೂ ಕೇಳಿರದ ಪದವಾಗಿರಬೇಕು, ಹತ್ತು ಜನ ಅದನ್ನು ಆಡಿ ಸಹಿ ಹಾಕಿರಬೇಕು. ಗೆದ್ದವರ ಹೆಸರು ಶಾಲೆಯ ಗೋಡೆಯ ಮೇಲೆ. ಆರನೇ ತರಗತಿಯ ತನ್ಮಯಿ ಒಂದೇ ನಿಮಿಷದಲ್ಲಿ ‘ಬಿಮ್ಮಟೆ’ ಎಂಬ ಪದ ಹುಟ್ಟಿಸಿದಳು. ‘ಬರ್ತೀನಿ’ ಎಂದು ಎದ್ದವರು ಗೇಟಿನ ಹತ್ತಿರ ನಿಂತು ಇನ್ನರ್ಧ ಗಂಟೆ ಮಾತಾಡುತ್ತಾರಲ್ಲ, ಅದಕ್ಕೆ ಈ ಹೆಸರು. ಸಹಿ ತರುವುದು ಮಾತ್ರ ಅಪ್ಪ ವೆಂಕಟಗಿರಿಯ ತಲೆಯ ಮೇಲೆ ಬಿತ್ತು. ಗಡುವು ಸಂಜೆ ನಾಲ್ಕು.

ವೆಂಕಟಗಿರಿ ಆಫೀಸಿಗೆ ರಜೆ ಹಾಕಿ, ಹಾಳೆ ಹಿಡಿದು ನಾಗರಬಾವಿಯ ತನ್ನ ಬೀದಿಗಿಳಿದ. ಎದುರುಮನೆಯ ಚಿಕ್ಕಗಂಗಮ್ಮ ಹಾಳೆ ನೋಡಿದ್ದೇ ಹಾವು ಕಂಡಂತೆ ಹಿಂದೆ ಸರಿದರು. ಈ ಬಡಾವಣೆ ಒಂದು ಕಾಲಕ್ಕೆ ಅವರದೇ ಹೊಲ.

“ಸೈನು ಮಾತ್ರ ಕೇಳ್ಬೇಡಪ್ಪ. ನಮ್ಮಾವ ಒಂದ್ಸಲ ಹೆಬ್ಬೆಟ್ಟು ಒತ್ತಿದ್ದಕ್ಕೆ ಎರಡೆಕರೆ ಹೋಯ್ತು.”

“ಅಜ್ಜಿ, ಇದು ಜಮೀನಲ್ಲ, ಪದ.”

“ಅವತ್ತೂ ಹಿಂಗೇ ನಗ್ತಾ ನಗ್ತಾ ಹೇಳಿದ್ರು.”

ಸುದ್ದಿ ಹಬ್ಬಿ ಬೀದಿಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ರಿಟೈರಾದರೂ ಸೀಲು ಬಿಟ್ಟುಕೊಡದ ಹೆಡ್ ಕ್ಲರ್ಕ್ ಗಿರಿರಾಜ್ ಕಿಟಕಿಯಿಂದಲೇ ಕೇಳಿದರು: “ಈ ಪದಕ್ಕೆ ಮೂಲಪತ್ರ ಇದೆಯಾ ಸಾರ್?”

ಮಧ್ಯಾಹ್ನ ಎರಡು ಗಂಟೆಯಾದರೂ ಹಾಳೆಯಲ್ಲಿದ್ದದ್ದು ಹೆಂಡತಿ ಜಲಜಾಳ ಸಹಿ ಒಂದೇ. ಅದನ್ನೂ ಆಕೆ ಎರಡು ಸಲ ಓದಿ ಹಾಕಿದ್ದಳು.

ವೆಂಕಟಗಿರಿ ಮತ್ತೆ ಚಿಕ್ಕಗಂಗಮ್ಮನ ಮುಂದೆ ಕೈಮುಗಿದ. “ನಿಮ್ಮ ಸೈನು ಬೇಡ ಅಜ್ಜಿ. ಹೆದರ್ಬೇಡಿ ಅಂತ ಜನಕ್ಕೆ ಒಂದ್ಮಾತು ಹೇಳಿ ಸಾಕು. ಮಗು ಅತ್ಬಿಡುತ್ತೆ.”

ಅಜ್ಜಿಯ ಕರುಳು ಚುರುಕ್ಕೆಂದಿತು. ಹಾಳೆ ಕಿತ್ತುಕೊಂಡು, ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ನುಗ್ಗಿದರು. ಮೂರೂವರೆಗೆ ಹಾಳೆ ವಾಪಸ್ಸು ಬಂದಾಗ ಮೂವತ್ತೆರಡು ಸಹಿ, ಕೆಳಗೆ ಗಿರಿರಾಜ್ ಅವರ ದುಂಡು ಸೀಲು. ವೆಂಕಟಗಿರಿ ಸಹಿ ಎಣಿಸಿದ್ದೇ ತಡ, ಸ್ಕೂಟರ್ ಹತ್ತಿದ.

ಶಾಲೆಯಲ್ಲಿ ಸತ್ಯವತಿ ಮಿಸ್ ಹಾಳೆಯನ್ನು ಕೊನೆಯವರೆಗೆ ಓದಿ, ಸೀಲಿನ ಪಕ್ಕದ ಸಣ್ಣಕ್ಷರದ ಮೇಲೆ ಬೆರಳಿಟ್ಟರು.

“ಇದನ್ನ ಓದಿದ್ರಾ ಸಾರ್?”

‘ಸದರಿ ಬಿಮ್ಮಟೆ ಎಂಬ ಪದವು ಶ್ರೀಮತಿ ಚಿಕ್ಕಗಂಗಮ್ಮನವರ ಅತ್ತೆಯವರ ಕಾಲದಿಂದಲೂ ಈ ಊರಿನಲ್ಲಿ ಬಳಕೆಯಲ್ಲಿದ್ದು, ಸಹಿ ಹಾಕಲು ಯಾವುದೇ ಅಭ್ಯಂತರವಿರುವುದಿಲ್ಲ.’

“ಮಿಸ್, ಅದು ಅಜ್ಜಿ ಸುಮ್ನೆ, ಜನಕ್ಕೆ ಧೈರ್ಯ ಬರ್ಲಿ ಅಂತ...”

“ಮೂವತ್ತೆರಡು ಜನ ಸಾಕ್ಷಿ ಇದಾರಲ್ಲ ಸಾರ್.”

ತನ್ಮಯಿಯ ತುಟಿ ಅದುರಿತು. ಮಿಸ್ ಮೆತ್ತಗಾದರು.

“ಅಳ್ಬೇಡ ಪುಟ್ಟ, ಇನ್ನೊಂದು ಚಾನ್ಸ್ ಕೊಡ್ತೀನಿ. ಸೋಮವಾರ ಬೇರೆ ಪದ ತಗೊಂಬಾ.” ಆಮೇಲೆ ವೆಂಕಟಗಿರಿಯತ್ತ ತಿರುಗಿದರು. “ಸಹಿ ಮಾತ್ರ ಬೇರೆ ಬೀದಿಯವರದ್ದಿರ್ಲಿ ಸಾರ್. ನಿಮ್ಮ ಬೀದೀಲಿ ಎಲ್ಲಾ ಪದಾನೂ ಹಳೇದೇ ಇರೋ ಹಾಗಿದೆ.”